ಸಕ್ಕರೆ ಡಬ್ಬಿಯ ಗುಡುಗು

ಇಷ್ಟಕ್ಕೆಲ್ಲ ಕಾರಣ ಬೇಕರಿ ಯಜಮಾನ ಮೆಟ್ಟಿಲ ಮೇಲೆ ನಿಂತು ಆಡಿದ ಒಂದು ಮಾತು. ಆ ಮಾತನ್ನು ಆತ ನುಂಗಿಕೊಂಡಿದ್ದರೆ ಆ ಭಾನುವಾರವೂ ಎಲ್ಲ ಭಾನುವಾರಗಳ ಹಾಗೆ ಆಕಳಿಸಿಕೊಂಡು ಕಳೆದುಹೋಗುತ್ತಿತ್ತು. ಮೆಲ್ಲಣ್ಣನ ಹೆಂಡತಿಯ ಸಕ್ಕರೆ ಡಬ್ಬಿ ಸಕ್ಕರೆ ಡಬ್ಬಿಯಾಗಿಯೇ ಉಳಿಯುತ್ತಿತ್ತು.

"ಮೆಲ್ಲಣ್ಣ, ನೀವು ಬೇಜಾರು ಮಾಡ್ಕೋಬಾರ್ದು," ಎಂದ ಯಜಮಾನ. ಹೀಗೆ ಶುರುವಾದ ಮಾತು ಬೇಜಾರು ಮಾಡದೆ ಮುಗಿದದ್ದನ್ನು ಯಾರಾದರೂ ಕಂಡಿದ್ದೀರಾ? "ನಿಮ್ಮ ಗಿಟಾರು ಕೇಳಿದ್ರೆ ನಿದ್ದೆ ಬರುತ್ತೆ ಕಣ್ರೀ. ನಿನ್ನೆ ನೀವು ಬಾರಿಸ್ತಿದ್ದಾಗ ನಾನು ಡ್ರಮ್ಮಿನ ಮೇಲೇ ತೂಕಡಿಸಿಬಿಟ್ಟೆ. ಬ್ಯಾಂಡು ಅಂದ್ಮೇಲೆ ಗಿಟಾರು ಗುರ್ ಅನ್ನಬೇಕು. ನಿಮ್ಮದು ಮಿಯಾಂವ್ ಅಂತಾನೂ ಅನ್ನಲ್ಲ."

ಆ ಕಟ್ಟಡದವರೆಲ್ಲ ಸೇರಿ ಒಂದು ಬ್ಯಾಂಡು ಕಟ್ಟಿಕೊಂಡಿದ್ದರು. ಕೆಳಗೆ ಬೇಕರಿ ನಡೆಸುವ ಈ ಯಜಮಾನ ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈಯಲ್ಲಿ ಡ್ರಮ್ ಬಡಿಯುತ್ತಿದ್ದ. ಬ್ಯಾಂಡಿಗೂ ಅವನೇ ಯಜಮಾನ. ಗಿಟಾರಿಗೆ ಇದ್ದದ್ದು ಒಂದೇ ಜಾಗ, ಅದರ ಮೇಲೆ ಕಣ್ಣಿಟ್ಟವರು ಇಬ್ಬರು. ಒಬ್ಬರು ಮೇಲಿನ ಮಹಡಿಯ ಹಲ್ಲಿನ ಡಾಕ್ಟರು. ಇನ್ನೊಬ್ಬ ನಮ್ಮ ಮೆಲ್ಲಣ್ಣ.

ಮೆಲ್ಲಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಆತನಿಗೆ ಪುಸ್ತಕಾಲಯದಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಮೇಜುಗಳ ನಡುವೆ ಓಡಾಡುತ್ತ, ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ, ಮೆಲ್ಲಗೆ" ಎನ್ನುವುದಕ್ಕೇ ಅವನಿಗೆ ಸಂಬಳ. ಓದಲು ಬಂದವರು ಇಟ್ಟ ಹೆಸರು ಕಟ್ಟಡಕ್ಕೂ ಬಂತು, ಕೊನೆಗೆ ಸ್ವಂತ ಅತ್ತೆಯೂ "ಮೆಲ್ಲಣ್ಣ ಊಟಕ್ಕೆ ಬಂದ್ರಾ?" ಎಂದು ಕೇಳತೊಡಗಿದರು. ವರ್ಷಾನುಗಟ್ಟಲೆ ಪಿಸುಗುಟ್ಟಿ ಪಿಸುಗುಟ್ಟಿ ಅವನ ಗಂಟಲಿಗೆ ಬೇರೆ ದನಿಯೇ ಮರೆತುಹೋಗಿತ್ತು. ಮನುಷ್ಯ ಹೀಗೆ ಒಳಗೊಳಗೇ ಎಷ್ಟು ದಿನ ಕುದಿಯಬೇಕು, ನೀವೇ ಹೇಳಿ.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಮೆಟ್ಟಿಲಿಳಿದು ಬಂದರು. "ಅದಕ್ಕೆ ಓವರ್‌ಡ್ರೈವ್ ಪೆಡಲ್ ಬೇಕು," ಎಂದರು, ಹುಳುಕು ಹಲ್ಲು ಕಂಡವರ ದನಿಯಲ್ಲಿ. "ಒಂದು ಸಣ್ಣ ಪೆಟ್ಟಿಗೆ. ಗಿಟಾರಿನ ವೈರು ಸ್ಪೀಕರಿಗೆ ಹೋಗೋ ದಾರೀಲಿ ಅದರೊಳಗೆ ಹಾದು ಹೋಗುತ್ತೆ. ಕಾಲಲ್ಲಿ ಅದುಮಿದ್ರೆ ಮೆತ್ತಗಿನ ದನಿ ಒಡೆದು ಗುಡುಗು ಆಗುತ್ತೆ. ನಾನು ತರಿಸೋಕೆ ಹೇಳಿದ್ದೀನಿ, ಬರೋಕೆ ಇನ್ನೂ ಸಮಯ ಇದೆ."

"ನಾನು ಇವತ್ತೇ ಮಾಡ್ತೀನಿ," ಎಂದ ಮೆಲ್ಲಣ್ಣ.

"ಏನಂದ್ರಿ? ಕೇಳಿಸ್ಲಿಲ್ಲ."

"ನಾನೇ! ಮಾಡ್ತೀನಿ! ಕೈಯ್ಯಾರೆ!"

ಡಾಕ್ಟರು ನಕ್ಕರು. ಅವರ ಹಲ್ಲು ಚೆನ್ನಾಗಿದ್ದವು, ಅದೇ ಮೆಲ್ಲಣ್ಣನನ್ನು ಇನ್ನಷ್ಟು ಉರಿಸಿತು. ಯಜಮಾನ ಮಾತ್ರ ತಲೆದೂಗಿದ. "ಆಯ್ತು ಬಿಡಿ. ಸಂಜೆ ಟೆರೇಸ್ ಮೇಲೆ ತೀರ್ಮಾನ. ಆ ಸದ್ದು ತನ್ನಿ, ಬ್ಯಾಂಡಲ್ಲಿ ಜಾಗ ನಿಮ್ಮದು. ತರ್ಲಿಲ್ವೋ, ಡಾಕ್ಟ್ರದು. ಆಮೇಲೆ ಗೊಣಗಬಾರ್ದು."

ಮೆಲ್ಲಣ್ಣ ಮನೆಗೆ ಹೋದವನೇ ಬಾಗಿಲು ದಡಾರನೆ ಹಾಕಿದ. ಅಡುಗೆಮನೆಯಿಂದ ಹೆಂಡತಿ ಬೆಚ್ಚಿ ಓಡಿ ಬಂದಳು. ಮದುವೆಯಾದಾಗಿನಿಂದ ಆ ಮನೆಯ ಬಾಗಿಲು ಗಾಳಿಗೆ ಬಿಟ್ಟರೆ ಬೇರೆ ಯಾರಿಗೂ ದಡಾರೆಂದಿರಲಿಲ್ಲ.

"ಏನ್ರೀ ಆಯ್ತು?"

"ಒಂದು ಗಟ್ಟಿ ತಗಡಿನ ಡಬ್ಬಿ ಬೇಕು."

"ಇಲ್ಲ," ಎಂದಳು ಆಕೆ ತಕ್ಷಣ. ಯಾಕೆ ಎಂದು ಕೇಳುವ ಗೋಜಿಗೂ ಹೋಗಲಿಲ್ಲ. ಗಂಡನ ಕಣ್ಣು ಆಗಲೇ ಕಪಾಟಿನ ಮೇಲಿದ್ದ ಸಕ್ಕರೆ ಡಬ್ಬಿಯನ್ನು ಹಿಡಿದುಬಿಟ್ಟಿತ್ತು. "ರೀ, ಅದು ಸಕ್ಕರೆದು! ಮುಟ್ಟಿದ್ರೆ ನೋಡಿ ಮತ್ತೆ!"

ಮೆಲ್ಲಣ್ಣ ಮುಟ್ಟಿದ. ಮುಟ್ಟಿದ್ದಷ್ಟೇ ಅಲ್ಲ, ಸಕ್ಕರೆಯನ್ನು ಹತ್ತಿರದ ಪಾತ್ರೆಗೆ ಸುರಿದ. ಆ ಪಾತ್ರೆಯಲ್ಲಿ ಅರ್ಧ ಅಕ್ಕಿ ಇದ್ದದ್ದು ಸುರಿದಾದ ಮೇಲೆ ಗೊತ್ತಾಯಿತು. ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಯಾಕ್ರೀ ಇಷ್ಟು ಹಟ? ಡಾಕ್ಟ್ರೇ ಬಾರಿಸ್ಲಿ ಬಿಡಿ. ಅವ್ರಿಗೂ ಹೊತ್ತು ಹೋಗ್ಬೇಡ್ವಾ?"

ಮೆಲ್ಲಣ್ಣ ಖಾಲಿ ಡಬ್ಬಿಯನ್ನು ಎದೆಗವಚಿಕೊಂಡು ಕುರ್ಚಿಯ ಮೇಲೆ ಕೂತ. "ನಿನ್ನೆ ತರಕಾರಿ ಅಂಗಡೀಲಿ ಟೊಮೇಟೊ ಕೇಳ್ದೆ ಕಣೇ. ಮತ್ತೆ ಮತ್ತೆ ಕೇಳ್ದೆ. ನನ್ನ ಹಿಂದೆ ನಿಂತೋರು, ಅವ್ರ ಹಿಂದೆ ನಿಂತೋರು, ಎಲ್ಲಾ ತಗೊಂಡು ಹೋದ್ರು. ಕೊನೆಗೆ ಅಂಗಡಿಯವನು ನನ್ನ ಮುಂದೇನೇ ಬಾಗಿಲು ಎಳ್ಕೊಂಡ. ನಾನು ಅಲ್ಲಿ ನಿಂತಿದ್ದೀನಿ ಅಂತಾನೇ ಅವ್ನಿಗೆ ಗೊತ್ತಾಗ್ಲಿಲ್ಲ. ಒಂದ್ಸಲ, ಒಂದೇ ಒಂದ್ಸಲ, ಈ ಕಟ್ಟಡಕ್ಕೆಲ್ಲ ಕೇಳೋ ಹಾಗೆ ಸದ್ದು ಮಾಡ್ಬೇಕು ನಾನು. ಮಾಡೇ ಮಾಡ್ತೀನಿ."

ಆಕೆಗೆ ಗಂಡನ ಮೇಲೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. "ಮುಚ್ಚಳ ಮಾತ್ರ ನನಗೆ ವಾಪಸ್ ಕೊಟ್ಬಿಡಿ," ಎಂದಳು. ಒಪ್ಪಿಗೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಹೆಂಡತಿ ಹೇಳುತ್ತಾಳೆ?

ಪೆಡಲ್ ಮಾಡುವ ಬಗೆ ಮೆಲ್ಲಣ್ಣನಿಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಪುಸ್ತಕಾಲಯದವನಿಗೆ ಎಲ್ಲಕ್ಕೂ ಪುಸ್ತಕವಿದೆ. ಮನೆಯಲ್ಲೇ ವಿದ್ಯುತ್ ಯಂತ್ರಗಳನ್ನು ಮಾಡಿಕೊಳ್ಳುವ ಬಗ್ಗೆ ಯಾರೂ ಎರವಲು ಒಯ್ಯದ ದಪ್ಪ ಪುಸ್ತಕವೊಂದು ತಿಂಗಳುಗಳಿಂದ ಅವನ ಮಂಚದ ಕೆಳಗೇ ಇತ್ತು. ಅದರಲ್ಲಿ ಬೇಕಾದ ನಕ್ಷೆಯೂ ಇತ್ತು. ಯಾವ ತಂತಿ ಎಲ್ಲಿಗೆ, ಯಾವ ಬಿಡಿಭಾಗ ಎಲ್ಲಿ ಎಂದು ಗೆರೆ ಎಳೆದು ತೋರಿಸಿದ್ದರು.

ಆದರೆ ಆ ನಕ್ಷೆಯ ಮೂಲೆಯೊಂದರ ಮೇಲೆ ನೇರಳೆ ಬಣ್ಣದ ದೊಡ್ಡ ಮುದ್ರೆ ಕೂತಿತ್ತು.

ಪುಸ್ತಕಾಲಯಗಳಲ್ಲಿ ಒಂದು ವಾಡಿಕೆ ಇದೆ. ಕಳ್ಳ ಮೊದಲ ಪುಟವನ್ನು ಹರಿದೆಸೆದರೂ ಪುಸ್ತಕ ತಮ್ಮದೆಂದು ತೋರಿಸಬೇಕಲ್ಲ, ಅದಕ್ಕಾಗಿ ಎಲ್ಲ ಪುಸ್ತಕಗಳಲ್ಲೂ ಒಳಗಿನ ಒಂದು ಗೊತ್ತುಮಾಡಿದ ಪುಟಕ್ಕೆ ಮುದ್ರೆ ಒತ್ತಿಡುತ್ತಾರೆ. ಒತ್ತುವವನು ಮೆಲ್ಲಣ್ಣನೇ. ಇಡೀ ದಿನದಲ್ಲಿ ಅವನಿಗೆ ಸದ್ದು ಮಾಡಲು ಪರವಾನಗಿ ಇದ್ದದ್ದು ಆ ಕೆಲಸದಲ್ಲಿ ಮಾತ್ರ. ಹಾಗಾಗಿ ಬಹಳ ಪ್ರೀತಿಯಿಂದ, ತೋಳೆತ್ತಿ, ಶಾಯಿ ಕಾಗದದ ಆ ಬದಿಗೂ ಇಳಿಯುವಂತೆ ಗುದ್ದುತ್ತಿದ್ದ. ಈಗ ಎರಡು ಗೆರೆಗಳು ಆ ನೇರಳೆ ಮುದ್ರೆಯೊಳಗೆ ಹೊಕ್ಕಿದ್ದವು. ಒಳಗೆ ಅವು ಕೂಡುತ್ತವೋ, ಪಕ್ಕದಲ್ಲೇ ಹಾದುಹೋಗುತ್ತವೋ, ದೇವರಿಗೇ ಗೊತ್ತು.

ಮೆಲ್ಲಣ್ಣ ಪುಟವನ್ನು ಬೆಳಕಿಗೆ ಹಿಡಿದ. ಭೂತಗನ್ನಡಿ ಹಿಡಿದ. ಹೆಂಡತಿಯನ್ನು ಕರೆದ. "ನೋಡೇ, ಇಲ್ಲಿ ಏನಿದೆ?"

ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. "ಪುಸ್ತಕಾಲಯ ಅಂತಿದೆ."

ಸೇರಿಸಬೇಕೋ ಬಿಡಬೇಕೋ? ತಪ್ಪಾಗಿ ಸೇರಿಸಿದರೆ ಎಲ್ಲ ಸುಟ್ಟುಹೋಗಬಹುದು, ತಪ್ಪಾಗಿ ಬಿಟ್ಟರೆ ಉಸಿರೇ ಬರಲಿಕ್ಕಿಲ್ಲ. ಬೇರೆ ಯಾರಾದರೂ ಆಗಿದ್ದರೆ ಒಂದು ತೀರ್ಮಾನಕ್ಕೆ ಬರುತ್ತಿದ್ದರು. ಇಬ್ಬರು ಓದುಗರು ಒಂದೇ ಕುರ್ಚಿಗೆ ಜಗಳವಾಡಿದರೆ ಇಬ್ಬರನ್ನೂ ಅದರಲ್ಲೇ ಒತ್ತಿ ಕೂರಿಸುವ ಸ್ವಭಾವ ಮೆಲ್ಲಣ್ಣನದು. ಆ ಎರಡು ತಂತಿಗಳನ್ನು ಡಬ್ಬಿಯ ಅಂಚಿನ ಬಳಿ ಒಂದರ ಪಕ್ಕ ಒಂದು ಮಲಗಿಸಿ, ಮುಟ್ಟಿಯೂ ಮುಟ್ಟದ ಹಾಗೆ ಬಗ್ಗಿಸಿಟ್ಟ. ಬೆಸುಗೆ ಹಾಕಲಿಲ್ಲ. ಬೇಕಾದರೆ ಕೂಡಿಕೊಳ್ಳಲಿ, ಬೇಡವಾದರೆ ಬಿಡಲಿ, ಅವುಗಳ ಇಷ್ಟ.

ಉಳಿದದ್ದಕ್ಕೆಲ್ಲ ಮನೆಯನ್ನೇ ಲೂಟಿ ಮಾಡಿದ. ಅಟ್ಟದ ಮೇಲಿದ್ದ ಹಳೆಯ ರೇಡಿಯೋದ ಹೊಟ್ಟೆ ಬಗೆದ. ಬಚ್ಚಲುಮನೆ ದೀಪದ ಸ್ವಿಚ್ಚನ್ನು ಕಿತ್ತು ಡಬ್ಬಿಗೆ ಕೂರಿಸಿದ. ಬಚ್ಚಲ ಗೋಡೆಯಲ್ಲಿ ಉಳಿದ ತಂತಿಗಳನ್ನು ತಿರುಚಿ ಕಟ್ಟಿದ್ದರಿಂದ ಆ ದೀಪ ಆಮೇಲೆ ಆರಲೇ ಇಲ್ಲ. ಡಬ್ಬಿಗೆ ತೂತು ಹೊಡೆಯಲು ಮೊಳೆ, ಸುತ್ತಿಗೆ ಹಿಡಿದನೋ ಇಲ್ಲವೋ, ಎದುರುಮನೆಯ ಫ್ರಿಜ್ ಮೆಕ್ಯಾನಿಕ್ ಕರೆಯದೆಯೇ ಬಂದು ನಿಂತ.

"ಫ್ರಿಜ್ಜಾ?" ಎಂದ.

"ಅಲ್ಲ ಮಾರಾಯ, ಗಿಟಾರಿಂದು."

"ಎಲ್ಲಾ ಒಂದೇ. ಕರೆಂಟ್ ಹೋಗುತ್ತೆ, ಬರುತ್ತೆ. ನನ್ನನ್ನ ಕೇಳ್ಬಾರ್ದಾ?" ಎನ್ನುತ್ತ ತನ್ನ ಬೆಸುಗೆಯ ಸಲಕರಣೆ ತಂದ. ಅದು ಫ್ರಿಜ್ಜಿನ ಕೊಳವೆ ಬೆಸೆಯುವಂಥದ್ದು, ಲಟ್ಟಣಿಗೆಯಷ್ಟು ದಪ್ಪ. ಅದರಿಂದ ಮೆಲ್ಲಣ್ಣ ಕಡಲೆಕಾಳಿನಷ್ಟು ಸಣ್ಣ ಭಾಗಗಳನ್ನು ಬೆಸೆದ. ಬೆಸೆಯುತ್ತ ಮೇಜಿನ ಬಟ್ಟೆಯನ್ನು, ಮೇಜನ್ನು, ಅಂಗಿಯ ತೋಳನ್ನು ಸುಟ್ಟ. ಬ್ಯಾಟರಿ ಇರಲಿಲ್ಲ. ಮೆಕ್ಯಾನಿಕ್ಕಿನ ಕರೆಂಟ್ ಅಳೆಯುವ ಮೀಟರಿನೊಳಗೆ ಸರಿಯಾದದ್ದೇ ಒಂದಿತ್ತು. ಅವನು ನೀರು ಕುಡಿಯಲು ಹೋದಾಗ ಅದನ್ನು ಕಿತ್ತು ಡಬ್ಬಿಗೆ ಹಾಕಿಕೊಂಡ.

ವಾಪಸ್ ಬಂದ ಮೆಕ್ಯಾನಿಕ್ ಗಂಭೀರವಾಗಿ ಮೀಟರನ್ನು ಡಬ್ಬಿಗೆ ಹಚ್ಚಿದ. ಮುಳ್ಳು ಅಲುಗಲಿಲ್ಲ. "ಹೋಯ್ತು," ಎಂದ. "ಇದರಲ್ಲಿ ಏನೂ ಇಲ್ಲ. ಗ್ಯಾಸ್ ಸೋರಿರಬೇಕು."

ಮೆಲ್ಲಣ್ಣ ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ವೈರನ್ನು ಡಬ್ಬಿಗೂ ಅಲ್ಲಿಂದ ಸ್ಪೀಕರಿಗೂ ಚುಚ್ಚಿ, ಡಬ್ಬಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಸ್ವಿಚ್ ಒತ್ತಿ, ಬಲಗೈಯಿಂದ ಒಂದು ಸಲ ತಂತಿಗಳ ಮೇಲೆ ಎಳೆದ.

ಗರ್ರ್ರ್ರ್!

ಏನು ಸದ್ದದು! ಕಿಟಕಿಯ ಗಾಜು ಗದಗುಟ್ಟಿತು. ಮೆಕ್ಯಾನಿಕ್ಕಿನ ಕೈಯ ಲೋಟ ಜಾರಿತು. ಅಡುಗೆಮನೆಯಲ್ಲಿ ಸಕ್ಕರೆಯಿಂದ ಅಕ್ಕಿ ಆರಿಸುತ್ತ ಕೂತಿದ್ದ ಹೆಂಡತಿ ತಟ್ಟೆ ಬಿಟ್ಟು ಓಡಿ ಬಂದಳು. ಮೆಲ್ಲಣ್ಣನ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಕೇಳಿಸ್ತಾ?" ಎಂದ. "ಕೇಳಿಸ್ತೇನೇ?"

"ಕೇಳಿಸದೆ ಏನ್ರೀ! ಕಿವಿ ಕಿತ್ತು ಬಂತು!"

ಅದಕ್ಕಿಂತ ಸಿಹಿಯಾದ ಮಾತನ್ನು ಆಕೆ ಎಂದೂ ಆಡಿರಲಿಲ್ಲ. ಮೆಲ್ಲಣ್ಣ ಡಬ್ಬಿಯನ್ನು ನೆಲದ ಮೇಲಿಟ್ಟು, ಎದೆಯುಬ್ಬಿಸಿ, ಪಾದದಿಂದ ಸ್ವಿಚ್ ಅದುಮಿ, ಮತ್ತೆ ಬಾರಿಸಿದ.

ಏನೂ ಇಲ್ಲ.

ಬಗ್ಗಿದ. ಡಬ್ಬಿಯನ್ನೆತ್ತಿ ಅಲುಗಾಡಿಸಿದ. ಗರ್ರ್! ನೆಲಕ್ಕಿಟ್ಟ. ಮೌನ. ಎತ್ತಿದ. ಗರ್ರ್! ಇಟ್ಟ. ಮೌನ.

ನಿಮಗೆ ಗುಟ್ಟು ಆಗಲೇ ಹೊಳೆದಿರಬಹುದು. ಡಬ್ಬಿಯನ್ನು ಎತ್ತಿದಾಗಲೆಲ್ಲ ಅವನ ಹೆಬ್ಬೆರಳು ಅಂಚಿನೊಳಗೆ ಇಳಿದು, ಆ ಮುಟ್ಟಿಯೂ ಮುಟ್ಟದ ತಂತಿಗಳನ್ನು ಒತ್ತಿ ಕೂಡಿಸುತ್ತಿತ್ತು. ಹೊರಗೆ ನಿಂತು ನೋಡುವ ನಮಗೆ ಬುದ್ಧಿ ಬಹಳ. ಬೆವರಿಳಿಯುತ್ತಿರುವವನಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು?

"ನೆಲದ ತಂಪು ಹಿಡಿದಿದೆ," ಎಂದ ಮೆಕ್ಯಾನಿಕ್. "ಫ್ರಿಜ್ಜಿಗೂ ಹೀಗೇ ಆಗುತ್ತೆ. ಅದಕ್ಕೇ ಕಾಲು ಕೊಟ್ಟಿರ್ತಾರೆ."

"ನಿಮಗೆ ಹೆದರ್ತಿದೆ ಕಣ್ರೀ, ಎತ್ಕೊಂಡ್ರೆ ಅಳುತ್ತೆ, ಕೆಳಗಿಟ್ರೆ ಸುಮ್ನಾಗುತ್ತೆ," ಎಂದಳು ಹೆಂಡತಿ.

ಕೆಳಮನೆಯ ನಿವೃತ್ತ ಟೀಚರಮ್ಮ ದುರುದುರು ಮೆಟ್ಟಿಲೇರಿ ಬಂದದ್ದೂ ಆಗಲೇ. ಇಡೀ ಕಟ್ಟಡ ಅವರಿಗೆ ಹೆದರುತ್ತಿತ್ತು. ಸದ್ದಿನ ಬಗ್ಗೆ ಬೈಯಲು ಬಂದಿದ್ದಾರೆಂದು ಮೆಲ್ಲಣ್ಣ ಟೊಂಕ ಕಟ್ಟಿ ನಿಂತ. "ಹಗಲು ಹೊತ್ತು ಟೀಚರಮ್ಮ! ನನ್ನ ಮನೆ! ನಾನು ಸದ್ದು ಮಾಡೋನೇ!"

"ಮಾಡಪ್ಪಾ, ಯಾರು ಬೇಡ ಅಂದ್ರು?" ಎಂದರು ಅವರು. "ಆದ್ರೆ ಇದೇನಿದು? ಒಂದ್ಸಲ ಬರುತ್ತೆ, ಒಂದ್ಸಲ ಬರಲ್ಲ. ಬಂದ್ರೆ ಪೂರ್ತಿ ಬರ್ಬೇಕು, ಹೋದ್ರೆ ಪೂರ್ತಿ ಹೋಗ್ಬೇಕು. ಮುಂದಿನದು ಯಾವಾಗ ಬರುತ್ತೋ ಅಂತ ಕಾದೂ ಕಾದೂ ನನ್ನ ಎದೆ ಹೊಡ್ಕೊಳ್ತಿದೆ. ಪಾಠ ಒಪ್ಪಿಸುವಾಗ ಮಧ್ಯೆ ನಿಲ್ಲಿಸೋ ಹುಡುಗರ ಹಾಗೆ!"

ಇಷ್ಟರಲ್ಲಿ ಇರುವೆಗಳು ಬಂದವು. ಡಬ್ಬಿಯ ಮೂಲೆಯಲ್ಲಿ ಉಳಿದ ಸಕ್ಕರೆಯ ವಾಸನೆ ಹಿಡಿದು, ಸಾಲುಗಟ್ಟಿ, ರೇಡಿಯೋದ ಭಾಗಗಳ ನಡುವೆ ಸಂತೆ ನೆರೆದವು. ಎಲ್ಲರಿಗೂ ಒಮ್ಮೆಲೇ ಜ್ಞಾನೋದಯವಾಯಿತು. ಇರುವೆಯದೇ ಕಿತಾಪತಿ! ಟೀಚರಮ್ಮ ಊದಿದರು, ಹೆಂಡತಿ ಬಟ್ಟೆಯಿಂದ ಒರೆಸಿದಳು, ಮೆಕ್ಯಾನಿಕ್ ತಲೆಕೆಳಗು ಮಾಡಿ ಕುಟ್ಟಿದ. ಇರುವೆ ಹೋದವು. ಡಬ್ಬಿ ನೆಲಕ್ಕಿಳಿದರೆ ಮಾತ್ರ ಬಾಯಿ ಬಿಡಲಿಲ್ಲ.

"ಬಿಟ್ಬಿಡಿ ಮೆಲ್ಲಣ್ಣ," ಎಂದ ಮೆಕ್ಯಾನಿಕ್.

"ಬಿಟ್ಬಿಡಪ್ಪಾ," ಎಂದರು ಟೀಚರಮ್ಮ.

"ಬಿಡಲ್ಲ!" ಎಂದ ಮೆಲ್ಲಣ್ಣ. "ಎತ್ತರದಲ್ಲಿ ಇದ್ರೆ ಮೊಳಗುತ್ತೆ, ಅಷ್ಟೇ ತಾನೇ? ಎತ್ತರದಲ್ಲೇ ಇಡ್ತೀನಿ. ಸ್ಟೂಲ್ ಮೇಲಿಟ್ಟು ಕಾಲೆತ್ತಿ ಅದುಮ್ತೀನಿ. ಯಾವ ನಾಚಿಕೆ ನನಗೆ?"

ಪ್ರಯೋಗ ಮಾಡಿ ನೋಡುವಷ್ಟು ಹೊತ್ತು ಉಳಿದಿರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಡಬ್ಬಿ, ಹೆಗಲಲ್ಲಿ ಗಿಟಾರು, ತೋಳು ಸುಟ್ಟ ಅಂಗಿಯಲ್ಲೇ ಮೆಲ್ಲಣ್ಣ ಮಹಡಿ ಹತ್ತಿದ. ಹಿಂದೆ ಹೆಂಡತಿ, ಆಕೆಯ ಹಿಂದೆ ಮೆಕ್ಯಾನಿಕ್, ಕೊನೆಯಲ್ಲಿ ಏದುಸಿರು ಬಿಡುತ್ತ ಟೀಚರಮ್ಮ.

ಟೆರೇಸಿನಲ್ಲಿ ಅರ್ಧ ಕಟ್ಟಡ ನೆರೆದಿತ್ತು. ರಜೆಯ ದಿನವಾದ್ದರಿಂದ ಹಗ್ಗಗಳ ಮೇಲೆಲ್ಲ ಎಲ್ಲರ ಬಟ್ಟೆ ಒಣಗುತ್ತಿದ್ದವು. ಹಾಸಿಗೆ ಹೊದಿಕೆಗಳನ್ನು ಬದಿಗೆ ಸರಿಸಿ ಯಜಮಾನ ಡ್ರಮ್ಮು, ಸ್ಪೀಕರು ಹೂಡಿದ್ದ. ಹಲ್ಲಿನ ಡಾಕ್ಟರು ಹೊಳೆಯುವ ಗಿಟಾರು ಹಿಡಿದು ಕಾಲು ಕುಣಿಸುತ್ತ ನಿಂತಿದ್ದರು. ಡಬ್ಬಿಯ ಮೇಲೆ ಇನ್ನೂ ಅಂಟಿದ್ದ 'ಸಕ್ಕರೆ' ಎಂಬ ಚೀಟಿಯನ್ನು ನೋಡಿ ಅವರ ಕಾಲು ನಿಂತಿತು. "ಎಷ್ಟು ಚಮಚ ಹಾಕ್ಬೇಕು ಮೆಲ್ಲಣ್ಣ?" ಎಂದರು. ಎಲ್ಲರೂ ಗೊಳ್ಳೆಂದರು.

ಮೆಲ್ಲಣ್ಣ ಸ್ಟೂಲ್ ಇಟ್ಟ, ಅದರ ಮೇಲೆ ಡಬ್ಬಿ ಇಟ್ಟ, ವೈರು ಚುಚ್ಚಿದ, ಒಂದು ಕಾಲನ್ನು ಸೊಂಟದೆತ್ತರಕ್ಕೆ ಎತ್ತಿ ಸ್ವಿಚ್ಚಿನ ಮೇಲಿಟ್ಟ. ಕೊಕ್ಕರೆಯ ಹಾಗೆ ಕಾಣುತ್ತಿದ್ದ, ಕಾಣಲಿ. ಕೈಬೀಸಿ ಬಾರಿಸಿದ.

ಹಗ್ಗದ ಮೇಲಿನ ಬಟ್ಟೆ ಪಟಪಟ ಎನ್ನುವುದು ಕೇಳಿಸಿತು. ಅಷ್ಟೇ.

"ನಿದ್ದೆ ಬರ್ತಿದೆ," ಎಂದರು ಡಾಕ್ಟರು.

ಮೆಲ್ಲಣ್ಣನ ಮುಖ ಕೆಂಪಾಯಿತು. ಕಾಲಿಳಿಸಿ ಬಗ್ಗಿ ಡಬ್ಬಿಯನ್ನು ಗಬಕ್ಕನೆ ಹಿಡಿದ. ಹೆಬ್ಬೆರಳು ಒಳಗಿಳಿಯಿತು, ತೂಗುತ್ತಿದ್ದ ಗಿಟಾರು ಮಂಡಿಗೆ ತಗುಲಿತು, ಟೆರೇಸೇ ಬಿರಿದಂತೆ ಗುಡುಗು ಹೊರಬಿತ್ತು. ನೀರಿನ ತೊಟ್ಟಿಯ ಮೇಲಿದ್ದ ಹಕ್ಕಿಗಳೆಲ್ಲ ಹಾರಿದವು. ಯಜಮಾನ ಡ್ರಮ್ಮಿನ ಹಿಂದಿನಿಂದ ನೆಗೆದು ಬಂದ.

"ಅದೇ! ಅದೇ ಕಣ್ರೀ ಸದ್ದು! ಇನ್ನೊಂದ್ಸಲ!"

ಮೆಲ್ಲಣ್ಣ ಎದ್ದು ನಿಂತ. ಮೌನ. ಹಿಡಿದ. ಗುಡುಗು. ಬಿಟ್ಟ. ಮೌನ. ಈಗ ಅವನಿಗೂ ಹೊಳೆಯಿತು. ಬೇರೆ ಏನೂ ಅಲ್ಲ, ಹೆಬ್ಬೆರಳು! ಬೆಸುಗೆ ಹಾಕದೆ ಬಿಟ್ಟ ಆ ಜಾಗ! ಮೈಯೆಲ್ಲ ರೋಮಾಂಚನವಾಯಿತು. "ಸಿಕ್ತು!" ಎಂದ. "ಇಲ್ಲಿ ಒತ್ತಿ ಹಿಡಿದ್ರೆ ಆಯ್ತು. ಕೆಳಗೆ ಹೋಗಿ ಚಿಟಿಕೆಯಷ್ಟು ಬೆಸುಗೆ ಹಾಕ್ಕೊಂಡು ಬಂದ್ಬಿಡ್ತೀನಿ, ಈಗ ಬಂದೆ."

"ಮುಟ್ಟಬೇಡಿ!" ಯಜಮಾನ ಎರಡೂ ಕೈ ಚಾಚಿ ಅಡ್ಡ ನಿಂತ. "ಕೂದಲೆಳೆಯಷ್ಟೂ ಬದಲಾಗ್ಬಾರ್ದು. ಹದವಾಗಿ ಬೆಂದಿರೋದನ್ನ ಮತ್ತೆ ಒಲೆಗೆ ಹಾಕ್ತಾರೇನ್ರೀ? ಹಾಗೇ ಒತ್ತಿ ಹಿಡ್ಕೊಳ್ಳಿ. ಡಾಕ್ಟ್ರೇ, ನೀವು ವೈರು ಚುಚ್ಚಿ ಬಾರಿಸಿ, ಕೇಳೋಣ."

ಯೋಚಿಸಲು ಬಿಡುವಿಲ್ಲದಂತೆ ಮೆಲ್ಲಣ್ಣನ ಗಿಟಾರಿನ ವೈರು ಹೊರಗೆ ಬಂತು, ಡಾಕ್ಟರದು ಒಳಗೆ ಹೋಯಿತು. ಮೆಲ್ಲಣ್ಣ ಸ್ಟೂಲಿನ ಮುಂದೆ ಮಂಡಿಯೂರಿ ಒತ್ತಿ ಹಿಡಿದ. ಡಾಕ್ಟರು ಬಾರಿಸಿದರು. ಗುಡುಗು ಉರುಳಿ ಉರುಳಿ ಬಂತು. ಯಜಮಾನ ಡ್ರಮ್ ಬಡಿದ. ಟೀಚರಮ್ಮನ ಕಾಲು ತಾಳ ಹಾಕಿತು. ಹಾಡು ಮುಗಿದದ್ದೇ ತಡ, ಜನ ಚಪ್ಪಾಳೆ ತಟ್ಟಿ ಡಾಕ್ಟರನ್ನು ಸುತ್ತುವರಿದರು. ಮಂಡಿಯೂರಿ ಕೂತವನನ್ನು ದಾಟಿಕೊಂಡೇ ಹೋದರು.

"ತೀರ್ಮಾನ ಆಯ್ತು," ಎಂದ ಯಜಮಾನ. "ಗಿಟಾರು ಡಾಕ್ಟ್ರದು. ಮೆಲ್ಲಣ್ಣ, ಕೊಟ್ಟ ಮಾತಿಗೆ ನಾನು ತಪ್ಪಲ್ಲ. ನೀವು ಸದ್ದು ತಂದ್ರಿ, ಬ್ಯಾಂಡಲ್ಲಿ ನಿಮಗೂ ಜಾಗ. ಇದೇ ಜಾಗ. ಕೂರೋಕೆ ಒಂದು ದಿಂಬು ಹಾಕಿಸ್ತೀನಿ."

ಮೆಲ್ಲಣ್ಣ ಹೆಬ್ಬೆರಳು ತೆಗೆದು ನಿಧಾನವಾಗಿ ಎದ್ದು ನಿಂತ. ಕಾಲು ಜೋಮು ಹಿಡಿದಿತ್ತು. ವರ್ಷಗಳಿಂದ ಒಳಗೇ ಕೂತಿದ್ದದ್ದೆಲ್ಲ ಗಂಟಲಿಗೆ ಬಂತು.

"ಆಗಲ್ಲ!" ಎಂದು ಕೂಗಿದ.

ಆ ಕೂಗಿಗೆ ಯಾವ ಪೆಡಲೂ ಬೇಕಿರಲಿಲ್ಲ. ಟೆರೇಸ್ ಗಪ್‌ಚಿಪ್ ಆಯಿತು. ಹೆಂಡತಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ದಿಂಬಂತೆ, ದಿಂಬು! ಬೆಳಗಿಂದ ಅಂಗಿ ಸುಟ್ಕೊಂಡೋನು ನಾನು. ಇರುವೆ ಕೈಲಿ ಕಚ್ಚಿಸ್ಕೊಂಡೋನು ನಾನು. ಬಾರಿಸೋದಾದ್ರೆ ನಾನೇ ಬಾರಿಸ್ತೀನಿ, ಇಲ್ಲಾಂದ್ರೆ ಈ ಕಟ್ಟಡದಲ್ಲಿ ಗುಡುಗೂ ಇಲ್ಲ, ಮಿಂಚೂ ಇಲ್ಲ!"

"ಅಲ್ಲ ಮೆಲ್ಲಣ್ಣ, ಸಮಾಧಾನ..."

"ಸಮಾಧಾನ ಎಲ್ಲಾ ಪುಸ್ತಕಾಲಯದಲ್ಲಿ! ಡಬ್ಬಿ ಬೇಕಾ ನಿಮಗೆ? ತಗೊಳ್ಳಿ! ಎಲ್ಲರ ಮುಂದೆ ಹೇಳ್ತಿದ್ದೀನಿ, ಡಬ್ಬಿ ಬ್ಯಾಂಡಿಗೆ ಕೊಟ್ಬಿಟ್ಟೆ! ಇವತ್ತಿಂದ ಅದು ನಿಮ್ಮದು, ನನಗೂ ಅದಕ್ಕೂ ಸಂಬಂಧ ಇಲ್ಲ. ಆದ್ರೆ ಈ ಹೆಬ್ಬೆರಳು ನಂದು. ಇದಿಲ್ಲದೆ ಅದರ ಬಾಯಿ ಬಿಡಿಸಿ, ನೋಡೋಣ!"

ಹೆಬ್ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿ, ಗಿಟಾರು ಹೆಗಲಿಗೇರಿಸಿ, ಮೆಲ್ಲಣ್ಣ ಮೆಟ್ಟಿಲ ಬಾಗಿಲ ಕಡೆ ಹೊರಟ. ಎಂಥ ನಡಿಗೆ! ಹೆಂಡತಿ ಹಿಂದೆಯೇ ಬಂದಳು, ಅವಳ ಮುಖದಲ್ಲಿ ಮದುವೆಯ ದಿನವೂ ಇರದಿದ್ದ ಹೆಮ್ಮೆ. "ಸರಿಯಾಗಿ ಹೇಳಿದ್ರಿ ಕಣ್ರೀ," ಎಂದಳು ಮೆತ್ತಗೆ. "ಹಿಂದಕ್ಕೆ ತಿರುಗಿ ನೋಡ್ಬೇಡಿ. ಈಗ ಕರೀತಾರೆ ನೋಡಿ."

ಹಿಂದೆ ಗುಸುಗುಸು ಎದ್ದಿತು. "ಬಂದ್ರೆ ಪೂರ್ತಿ ಬರ್ಬೇಕು ಅಂತ ಬೆಳಗಿಂದ ಬಡ್ಕೊಳ್ತಿದ್ದೀನಿ, ಇಲ್ಲಿ ಕೊಡಿ," ಎಂದು ಟೀಚರಮ್ಮ ಯಾರನ್ನೋ ಗದರಿಸುವುದು ಕೇಳಿಸಿತು. ಆಮೇಲೆ ಯಜಮಾನನ ದನಿ.

"ಮೆಲ್ಲಣ್ಣ! ನಿಲ್ಲಿ ನಿಲ್ಲಿ! ಒಂದು ನಿಮಿಷ!"

ಮೆಲ್ಲಣ್ಣ ಹೊಸ್ತಿಲಲ್ಲಿ ನಿಂತ. ತುಟಿಯಂಚಿನಲ್ಲಿ ನಗು ಮೂಡಿತು. ಕರೆದರು! ಕೊನೆಗೂ ಕರೆದರು! ತಕ್ಷಣ ತಿರುಗುವುದು ಗೌರವವಲ್ಲ ಎಂದು ಗೋಡೆಯನ್ನೇ ನೋಡುತ್ತ, "ಏನೀಗ?" ಎಂದ.

"ನಿಮ್ಮ ಅಂಗಿ ಹಾರಿ ಹೋಗ್ತಿದೆ!"

ಅವನು ತಿರುಗುವುದಕ್ಕೂ ಬೆನ್ನ ಹಿಂದೆ ಗುಡುಗು ಏಳುವುದಕ್ಕೂ ಸರಿಹೋಯಿತು. ಡಾಕ್ಟರು ಕಣ್ಣು ಮುಚ್ಚಿ ಬಾರಿಸುತ್ತಿದ್ದರು. ಸ್ಟೂಲಿನ ಮುಂದೆ ಯಾರೂ ಮಂಡಿಯೂರಿರಲಿಲ್ಲ. ಡಬ್ಬಿಯ ಅಂಚಿನಲ್ಲಿ, ಅವನ ಹೆಬ್ಬೆರಳು ಇರಬೇಕಾದ ಜಾಗದಲ್ಲಿ, ಬಟ್ಟೆಗೆ ಹಾಕುವ ಒಂದು ಪ್ಲಾಸ್ಟಿಕ್ ಕ್ಲಿಪ್ಪು ಎರಡೂ ತಂತಿಗಳನ್ನು ಕಚ್ಚಿ ಹಿಡಿದು ಕೂತಿತ್ತು. ಟೀಚರಮ್ಮ ಪಕ್ಕದಲ್ಲೇ ತಾಳ ಹಾಕುತ್ತಿದ್ದರು. ಕ್ಲಿಪ್ಪು ಕಿತ್ತದ್ದು ಹತ್ತಿರದ ಹಗ್ಗದಿಂದ, ಮೆಲ್ಲಣ್ಣ ನಾಳೆ ಕೆಲಸಕ್ಕೆ ಹಾಕಿಕೊಂಡು ಹೋಗಬೇಕಾದ ಅಂಗಿಯಿಂದ. ಅಂಗಿ ಒಂದು ತೋಳು ಬೀಸುತ್ತ ಗೋಡೆ ದಾಟಿ ಬೀದಿಗಿಳಿಯಿತು.

"ಹಾರಲಿ!" ಎಂದು ಮೆಲ್ಲಣ್ಣ ಕಿರುಚಿದ. ಗುಡುಗಿನ ನಡುವೆ ಅದು ಅವನಿಗೇ ಕೇಳಿಸಲಿಲ್ಲ.

"ರೀ, ಇರೋದು ಅದೊಂದೇ, ಇನ್ನೊಂದನ್ನ ಸುಟ್ಕೊಂಡ್ರಲ್ಲ," ಎಂದು ಹೆಂಡತಿ ಅವನ ಕಿವಿಯ ಹತ್ತಿರ ಬಂದು ಹೇಳಿದಳು. ಹಾಗಾಗಿ ಇಳಿಯಲೇಬೇಕಾಯಿತು. ಗಿಟಾರು ಹೊತ್ತುಕೊಂಡೇ ಮೆಟ್ಟಿಲಿಳಿದು ಬೀದಿಗೆ ಹೋದ. ಅಂಗಿ ಕೊಚ್ಚೆಯಲ್ಲಿ ಬಿದ್ದಿತ್ತು. ಎತ್ತಿ ಹಿಂಡಿದ. ಮೇಲಿನಿಂದ ಸದ್ದು ಇಡೀ ಬೀದಿಗೆ ಸುರಿಯುತ್ತಿತ್ತು. ಕಿಟಕಿಗಳೆಲ್ಲ ತೆರೆದುಕೊಂಡಿದ್ದವು. ಸೈಕಲ್ ಮೇಲೆ ಹೋಗುತ್ತಿದ್ದ ಅಪರಿಚಿತನೊಬ್ಬ ಒಂದು ಕಾಲೂರಿ ನಿಂತು, ತಲೆಯೆತ್ತಿ ಕೇಳುತ್ತಿದ್ದ.

"ಆಹಾ! ಏನು ಸದ್ದು ಸ್ವಾಮೀ!" ಎಂದ ಅವನು. "ಎದೆಯೊಳಗೇ ನುಗ್ಗುತ್ತೆ. ಯಾರಂತೆ ಇದನ್ನ ಮಾಡಿದ್ದು?"

ಮೆಲ್ಲಣ್ಣ ನೆಟ್ಟಗೆ ನಿಂತ. ಎದೆ ಸೆಟೆಸಿ, ಗಂಟಲು ಬಿಚ್ಚಿ, ಬೀದಿಗೆಲ್ಲ ಕೇಳುವಂತೆ ಕೂಗಿದ. "ನಾನು! ಆ ಸದ್ದು ಮಾಡಿದ್ದು ನಾನು! ಈ ಕೈಯಿಂದ!"

ಸೈಕಲ್ಲಿನವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಸುಟ್ಟ ತೋಳನ್ನು ನೋಡಿದ, ಕೊಚ್ಚೆ ಸೋರುವ ಅಂಗಿಯನ್ನು ನೋಡಿದ, ಹೆಗಲಲ್ಲಿ ಸುಮ್ಮನೆ ನೇತಾಡುತ್ತಿದ್ದ ಗಿಟಾರನ್ನು ನೋಡಿದ, ಮತ್ತೊಮ್ಮೆ ತಲೆಯೆತ್ತಿ ಟೆರೇಸನ್ನು ನೋಡಿದ.

"ಸರಿ ಅಣ್ಣಾ, ಸರಿ," ಎಂದ ಅನುಕಂಪದಿಂದ, ಪೆಡಲ್ ಮೇಲೆ ಕಾಲಿಡುತ್ತ. "ಆದ್ರೆ ಸ್ವಲ್ಪ ಮೆಲ್ಲಗೆ ಹೇಳಿ. ಮೇಲಿನದು ಕೇಳಿಸ್ತಿಲ್ಲ."